ಹೆಣ್ಣಿನ ಹೊತ್ತು, ಆಸ್ಪತ್ರೆಯ ಹೊತ್ತು

ಮೈಸೂರು ಸರ್ಕಾರವು 1930ನೆಯ ಇಸವಿ ಜೂನ್ 11ರಂದು ಒಂದು ಆಜ್ಞೆಯನ್ನು ಹೊರಡಿಸಿತು. ಸಂಸ್ಥಾನದ ನಾಲ್ಕು ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಬೇಕೆಂಬುದು ಅದರ ತಾತ್ಪರ್ಯ. ನಾಲ್ವಡಿ ಕೃಷ್ಣರಾಜ ಒಡೆಯರು ಪಟ್ಟದಲ್ಲಿದ್ದ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲ ಅದು. ಒಂದು ಸರ್ಕಾರ ತನ್ನದೇ ಆಸ್ಪತ್ರೆಗಳಲ್ಲಿ ಈ ವಿಷಯದ ತಿಳಿವಳಿಕೆಯನ್ನು ಜನರಿಗೆ ಕೊಡಿಸಲು ಮುಂದಾದದ್ದು ಪ್ರಪಂಚದಲ್ಲಿಯೇ ಮೊದಲೆಂದು ಈ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಅದಕ್ಕೆ ಹದಿನಾಲ್ಕು ವರ್ಷ ಹಿಂದೆ, 1916ರಲ್ಲಿ, ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಇಂಥದೊಂದು ಚಿಕಿತ್ಸಾಲಯವನ್ನು ತೆರೆದಾಗ ಪೊಲೀಸರು ಕೆಲವೇ ದಿನಗಳಲ್ಲಿ ಅದನ್ನು ಮುಚ್ಚಿಸಿ ಆಕೆಯನ್ನು ಸೆರೆಮನೆಗೆ ಕಳುಹಿಸಿದ್ದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್, ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ, ಇಬ್ಬರೂ 1921ರಲ್ಲಿ ಈ ಕೆಲಸಕ್ಕೆ ಕೈಹಾಕಿದ್ದರು. ಆದರೆ ಅವು ಖಾಸಗಿ ವ್ಯಕ್ತಿಗಳ ಸಾಹಸಗಳು. ಸರ್ಕಾರದ ಮೊಹರು ಬಿದ್ದದ್ದು ನಮ್ಮಲ್ಲಿ.

ಈ ಸಂಗತಿಯನ್ನು ನಾವು ಹೆಮ್ಮೆಯಿಂದ ಸ್ಮರಿಸಿಕೊಳ್ಳುವುದು ಸಹಜ. ಹೆಮ್ಮೆಯ ಜೊತೆಗೆ ಒಂದು ಸಣ್ಣ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಆ ನಾಲ್ಕು ಆಸ್ಪತ್ರೆಗಳು ಇದ್ದದ್ದು ದೊಡ್ಡ ಪಟ್ಟಣಗಳ ನಡುವೆ. ಆಗ ಯಲಹಂಕವೆಂದರೆ ಬೆಂಗಳೂರು ಪೇಟೆಯಿಂದ ಹತ್ತು ಮೈಲಿಯ ಆಚೆಗಿನ ಊರು. ಹೆಬ್ಬಾಳವೆಂದರೆ ಕೆರೆ, ಕೆರೆಯ ಹಿಂದಿನ ಹೊಲ. ಯಶವಂತಪುರವೆಂದರೆ ರೈಲು ನಿಲ್ಲುವ ಒಂದು ಹಳ್ಳಿ. ಐದು ಮಕ್ಕಳನ್ನು ಹೆತ್ತು ಆರನೆಯದಕ್ಕೆ ಹೆದರುತ್ತಿದ್ದ ಯಲಹಂಕದ ಹೆಂಗಸು, ಹಸು ಕರೆದು, ನೀರು ತುಂಬಿ, ಅತ್ತೆಗೆ ಒಂದು ನೆಪ ಹೇಳಿ, ಹತ್ತು ಮೈಲಿ ನಡೆದೋ ಗಾಡಿಯಲ್ಲೋ ಹೋಗಿ, ಗಂಡಸರು ಕುಳಿತ ಪಡಸಾಲೆಯನ್ನು ದಾಟಿ, ವೈದ್ಯರ ಮುಂದೆ ನಿಂತು ತನ್ನ ಸಂಕಟವನ್ನು ಹೇಳಿಕೊಳ್ಳಬೇಕಾಗಿತ್ತು. ಬಾಗಿಲು ತೆರೆದಿತ್ತು, ಸುಳ್ಳಲ್ಲ. ಆ ಬಾಗಿಲಿಗೂ ಆಕೆಯ ಹೊಸಿಲಿಗೂ ನಡುವೆ ಇದ್ದ ದಾರಿಯನ್ನು ಮಾತ್ರ ಯಾರೂ ಅಳೆದಿರಲಿಲ್ಲ.

ಆ ದಾರಿಯನ್ನು ಅಳೆಯುವುದೇ ಈ ಹೊತ್ತಿನ ನನ್ನ ಮಾತಿನ ಉದ್ದೇಶ. ಅದನ್ನು ಮೈಲಿಯಲ್ಲಿ ಅಳೆಯುವುದಕ್ಕಿಂತ ಗಂಟೆಗಳಲ್ಲಿ ಅಳೆದರೆ ಸತ್ಯಕ್ಕೆ ಹತ್ತಿರವಾಗುತ್ತದೆಂದು ನನ್ನ ಅಭಿಪ್ರಾಯ.

ಯಲಹಂಕ 2007ರಲ್ಲಿ ಬೆಂಗಳೂರು ಮಹಾನಗರದೊಳಗೆ ಸೇರಿಹೋಯಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಬಂದ ಮೇಲೆ ಹೆಬ್ಬಾಳದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಎರಡೂ ಕಡೆ ಕಟ್ಟಡಗಳು ಎದ್ದವು. ಅವನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿಗಳಿಂದಲೂ ಬಿಹಾರ, ಒಡಿಶಾ, ಬಂಗಾಳಗಳಿಂದಲೂ ಕುಟುಂಬಗಳು ಬಂದು ತಗಡಿನ ಶೆಡ್ಡುಗಳಲ್ಲಿ ನೆಲೆಸಿದವು. ಯಶವಂತಪುರದ ಆಚೆ ಪೀಣ್ಯದ ಕೈಗಾರಿಕಾ ಪ್ರದೇಶ. ಅಲ್ಲಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಹರೆಯದ ಹೆಂಗಸರು. ಆರ್.ಟಿ. ನಗರದ ಮಹಡಿ ಮನೆಗಳಲ್ಲಿ ಬೆಳಗಿನ ಆರು ಗಂಟೆಗೆ ಪಾತ್ರೆ ತಿಕ್ಕಲು ಬರುವವರು ಸುತ್ತಲಿನ ಇಕ್ಕಟ್ಟಿನ ಕೇರಿಗಳ ಹೆಣ್ಣುಮಕ್ಕಳು. ಈ ಮೂರು ಬಗೆಯ ಹೆಂಗಸರಿಗೂ ಒಂದು ಸಾಮಾನ್ಯವಾದ ಲಕ್ಷಣವಿದೆ. ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುವ ಹೊತ್ತು ಅವರು ಕೂಲಿ ಸಂಪಾದಿಸುವ ಹೊತ್ತೂ ಆಗಿದೆ.

ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಯಶವಂತಪುರಕ್ಕೆ ದೂರವೇನೂ ಅಲ್ಲ. ಯಲಹಂಕದಲ್ಲೇ ಸರ್ಕಾರಿ ಆಸ್ಪತ್ರೆಯಿದೆ. 1935ರಲ್ಲಿ ಕೋಟೆಯ ಬಳಿ ಆರಂಭವಾದ ವಾಣಿವಿಲಾಸ ಆಸ್ಪತ್ರೆಗೆ ಯಲಹಂಕದಿಂದ ಹದಿನೇಳು ಹದಿನೆಂಟು ಕಿಲೋಮೀಟರು. ನೇರ ಬಸ್ಸುಗಳೂ ಇವೆ. ಭೂಪಟವನ್ನು ಹರಡಿಕೊಂಡು ನೋಡುವ ಅಧಿಕಾರಿಗೆ ಎಲ್ಲವೂ ಹತ್ತಿರವಾಗಿಯೇ ಕಾಣುತ್ತದೆ. ಚೀಟಿ ಬರೆಸಲು ಒಂದು ಸಾಲು, ವೈದ್ಯರನ್ನು ಕಾಣಲು ಒಂದು ಸಾಲು, ಪರೀಕ್ಷೆಗೆ ಒಂದು ಸಾಲು, ಔಷಧಿಗೆ ಮತ್ತೊಂದು ಸಾಲು ಎಂದು ನಿಂತವಳಿಗೆ ಮಾತ್ರ ಒಂದು ದಿನದ ದುಡಿಮೆ ಹೋಯಿತೆಂಬುದು ತಿಳಿಯುತ್ತದೆ. ಕಾರ್ಖಾನೆಯವಳಾದರೆ ದಿನಗೂಲಿಯ ಜೊತೆಗೆ ತಿಂಗಳ ಹಾಜರಿ ಬೋನಸ್ಸೂ ಹೋಗಬಹುದು.

ಇಲ್ಲಿ ಅಂಕಿಸಂಖ್ಯೆಗಳನ್ನು ಸ್ವಲ್ಪ ನೋಡೋಣ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸ್ತ್ರೀಯೊಬ್ಬಳು ತನ್ನ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ ಸಂಖ್ಯೆ 1.7. ಜನಸಂಖ್ಯೆ ಬೆಳೆಯದೆ ಇದ್ದಷ್ಟೇ ನಿಲ್ಲಲು ಬೇಕಾದ 2.1ಕ್ಕಿಂತಲೂ ಇದು ಕಡಿಮೆ. ಹಾಗಾದರೆ ಸಮಸ್ಯೆ ತೀರಿತಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವವರು ಜನಸಂಖ್ಯೆಯ ಲೆಕ್ಕಿಗರಾದರೆ ಅವರ ಮಟ್ಟಿಗೆ ತೀರಿದಂತೆಯೇ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಪುಟದಲ್ಲಿ ಬೇರೊಂದು ಸಂಗತಿಯಿದೆ. ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ನೂರು ಮಂದಿ ವಿವಾಹಿತ ಸ್ತ್ರೀಯರಲ್ಲಿ ಸುಮಾರು 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮಾತ್ರೆ, ವಂಕಿ, ನಿರೋಧ್, ಚುಚ್ಚುಮದ್ದು, ಇವೆಲ್ಲವನ್ನೂ ಒಟ್ಟುಗೂಡಿಸಿದರೂ ಸುಮಾರು 11. ಗಂಡಸರ ಶಸ್ತ್ರಚಿಕಿತ್ಸೆ ನೂರಕ್ಕೆ ಒಂದೂ ಇಲ್ಲ. ದಶಮಾಂಶದ ಸ್ಥಾನದಲ್ಲಿಯೂ ಅದು ಸೊನ್ನೆಯ ಸಮೀಪದಲ್ಲೇ ಇದೆ.

ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ಓದಿದರೆ ನಮ್ಮ ಹೆಣ್ಣಿನ ಬಾಳಿನ ಒಂದು ಚಿತ್ರ ಮೂಡುತ್ತದೆ. ಹತ್ತೊಂಬತ್ತು ಇಪ್ಪತ್ತಕ್ಕೆ ಮದುವೆ. ವರ್ಷದೊಳಗೆ ಮೊದಲ ಬಸಿರು. ಅದರ ಬೆನ್ನಿಗೇ ಎರಡನೆಯದು. ಇಪ್ಪತ್ತೈದರ ಆಸುಪಾಸಿನಲ್ಲಿ ಆಪರೇಷನ್ನು. ಮದುವೆಗೂ ಆಪರೇಷನ್ನಿಗೂ ನಡುವೆ ಐದಾರು ವರ್ಷಗಳ ಕಾಲ ಆಕೆಯ ಕೈಯಲ್ಲಿ ಬಹುಮಟ್ಟಿಗೆ ಏನೂ ಇಲ್ಲ. ಮೊದಲ ಮಗುವನ್ನು ಎರಡು ವರ್ಷ ಮುಂದಕ್ಕೆ ಹಾಕುವ, ಎರಡು ಮಕ್ಕಳ ನಡುವೆ ಮೂರು ವರ್ಷ ಉಸಿರಾಡಿಕೊಳ್ಳುವ ಅವಕಾಶವೇ ಆಕೆಗೆ ಒದಗುತ್ತಿಲ್ಲ. ಅದೇ ಸಮೀಕ್ಷೆಯಂತೆ ರಾಜ್ಯದ ಸ್ತ್ರೀಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುವವರು. ರಕ್ತ ಕೂಡಿಕೊಳ್ಳುವ ಮೊದಲೇ ಮತ್ತೆ ಬಸಿರಾಗುವುದೆಂದರೆ ಏನೆಂಬುದನ್ನು ವೈದ್ಯರಿಂದ ಕೇಳಿಯೇ ತಿಳಿಯಬೇಕಾಗಿಲ್ಲ. ನಮ್ಮ ನಮ್ಮ ಮನೆಗಳ ಹಿಂದಿನ ತಲೆಮಾರಿನ ಬಾಣಂತಿಯರನ್ನು ನೆನೆದುಕೊಂಡರೆ ಸಾಕು.

ಇದು ಹೀಗೇಕಾಯಿತು? ನಮ್ಮ ಕುಟುಂಬ ಯೋಜನೆಯ ಚರಿತ್ರೆಯಲ್ಲಿಯೇ ಉತ್ತರವಿದೆ. ಅದರಲ್ಲಿ ಮೊದಲನೆಯ ಅಧ್ಯಾಯ ನಡೆದದ್ದು ಬೆಂಗಳೂರಿಗೆ ಕೂಗಳತೆಯ ರಾಮನಗರದಲ್ಲಿ.

ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಅಂಗೀಕರಿಸಿತು. ಆಗಿನ ಆರೋಗ್ಯ ಮಂತ್ರಿಣಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ. ಸಾಧನಗಳ ವಿಷಯದಲ್ಲಿ ಅವರಿಗೆ ಒಲವಿರಲಿಲ್ಲ. ಋತುಚಕ್ರದ ದಿನಗಳನ್ನು ಎಣಿಸಿಕೊಂಡು, ಗರ್ಭ ನಿಲ್ಲುವ ಸಂಭವವಿರುವ ದಿನಗಳಲ್ಲಿ ದಂಪತಿಗಳು ದೂರವಿರುವ ವಿಧಾನವನ್ನು ಮೊದಲು ಪರೀಕ್ಷಿಸೋಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಅವರನ್ನು ಕರೆಸಿಕೊಂಡರು. ಪ್ರಯೋಗಕ್ಕೆ ಆರಿಸಿದ ಸ್ಥಳಗಳು ಎರಡು: ದೆಹಲಿಯ ಲೋದಿ ಕಾಲೊನಿ, ನಮ್ಮ ರಾಮನಗರ. ಓದು ಬಾರದ ಹೆಂಗಸರಿಗೆ ತಿಥಿ ಎಣಿಸುವುದು ಕಷ್ಟವೆಂದು ಮಣಿಸರವೊಂದನ್ನು ಸಿದ್ಧಪಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಮಣಿ ಬಂದರೆ ಎಚ್ಚರ.

ಎಷ್ಟು ಸರಳ! ಎಷ್ಟು ಚೆಲುವಾದ ಉಪಾಯ! ಆದರೆ ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ. ಕೆಲವರು ಸರಿಸಲು ಮರೆತರು. ಮಣಿಯನ್ನು ಸರಿಸಿದರೆ ಸಾಕು, ಗರ್ಭ ನಿಲ್ಲುವುದಿಲ್ಲವೆಂದು ತಾಯಿತದಂತೆ ನಂಬಿದವರೂ ಇದ್ದರೆಂದು ಹೇಳುತ್ತಾರೆ. ಕೊರಳಲ್ಲಿ ಸರ ಕಂಡರೆ ನೆರೆಯವರಿಗೆ ಗುಟ್ಟು ತಿಳಿಯುತ್ತದೆಂಬ ನಾಚಿಕೆ ಬೇರೆ. ಸಮೀಕ್ಷೆ ಮಾಡಿದಾಗ ಕಲಿಯಲು ಆಸಕ್ತಿ ತೋರಿದ ದಂಪತಿಗಳ ಸಂಖ್ಯೆ ದೊಡ್ಡದಾಗಿತ್ತು. ಕಡೆಯವರೆಗೆ ವಿಧಾನವನ್ನು ಅನುಸರಿಸಿದವರು ಕೆಲವರೇ. ಈ ಮಣಿಸರದ ಕಥೆಯನ್ನು ನಗುತ್ತಾ ಹೇಳುವುದು ರೂಢಿಯಾಗಿದೆ. ನಗುವವರು ಒಂದು ವಿಷಯವನ್ನು ಮರೆಯುತ್ತಾರೆ. ರಾಮನಗರದ ಹೆಂಗಸರು ‘ನಮಗೆ ಬೇಡ’ ಎಂದು ಹೇಳಲಿಲ್ಲ, ಬೇಕೆಂದೇ ಹೇಳಿದರು. ಅವರಿಗೆ ಕೊಟ್ಟ ವಸ್ತು ಅವರ ರಾತ್ರಿಗೂ ಅವರ ಮನೆಗೂ ಹೊಂದುವಂಥದಾಗಿರಲಿಲ್ಲ. ಕೆಂಪು ಮಣಿಯ ದಿನ ಗಂಡನಿಗೆ ‘ಇಂದು ಬೇಡ’ ಎಂದು ಹೇಳುವ ಬಲವನ್ನು ಯಾವ ಮಣಿಯೂ ಕೊಡಲಾರದು.

ಎರಡನೆಯ ಅಧ್ಯಾಯ ವಂಕಿಯದು. 1965ರಲ್ಲಿ ಲಿಪ್ಪೆಸ್ ಲೂಪ್ ಎಂಬ ಪ್ಲಾಸ್ಟಿಕ್ ಸಾಧನ ಬಂದಾಗ, ಅದರ ತಿರುಚಿದ ಆಕಾರವನ್ನು ಕಂಡು ತೋಳಿನ ಆಭರಣದ ಹೆಸರನ್ನೇ ಅದಕ್ಕೆ ಕೊಟ್ಟರು. ಕನ್ನಡ ಮಾಡಿಕೊಂಡ ಒಳ್ಳೆಯ ಪದಗಳಲ್ಲಿ ಇದೂ ಒಂದು. ಇಂದಿನ ಕಾಪರ್-ಟಿಯನ್ನೂ ನಮ್ಮ ದಾದಿಯರು ವಂಕಿಯೆಂದೇ ಕರೆಯುತ್ತಾರೆ. ಶಿಬಿರಗಳಲ್ಲಿ ಸಾಲುಸಾಲಾಗಿ ಅದನ್ನು ತೊಡಿಸಿದರು. ತೊಡಿಸಿದವರು ಮುಂದಿನ ಊರಿಗೆ ಹೋದರು. ರಕ್ತಸ್ರಾವ ಹೆಚ್ಚಾದಾಗ, ಹೊಟ್ಟೆ ನೊಂದಾಗ, ಯಾರನ್ನು ಕೇಳಬೇಕೆಂಬುದು ತೊಟ್ಟವರಿಗೆ ತಿಳಿಯಲಿಲ್ಲ. ಆಮೇಲೆ ಹಬ್ಬಿದ ವದಂತಿಗಳು, ವಂಕಿ ಎದೆಗೆ ಏರುತ್ತದೆ, ಮೈಯಲ್ಲೆಲ್ಲ ಓಡಾಡುತ್ತದೆ ಎಂಬಂಥವು, ಅಜ್ಞಾನದಿಂದ ಹುಟ್ಟಿದವೆಂದು ಅಧಿಕಾರಿಗಳು ಬರೆದರು. ಉತ್ತರ ಹೇಳುವವರಿಲ್ಲದ ಕಡೆ ವದಂತಿಯೇ ಉತ್ತರವಾಗುತ್ತದೆಂದು ಬರೆದಿದ್ದರೆ ಇನ್ನಷ್ಟು ಸರಿಯಾಗುತ್ತಿತ್ತು.

ಮೂರನೆಯದು ತುರ್ತು ಪರಿಸ್ಥಿತಿಯ ಕಾಲ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಗಂಡಸರವು. ಬಲಾತ್ಕಾರದ ಆ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದರ ಪರಿಣಾಮವನ್ನು ಮಾತ್ರ ಹೇಳುತ್ತೇನೆ. 1977ರ ಚುನಾವಣೆಯಲ್ಲಿ ಗಂಡಸರು ತಮ್ಮ ಸಿಟ್ಟನ್ನು ತೀರಿಸಿಕೊಂಡರು. ಅಲ್ಲಿಂದ ಮುಂದೆ ಯಾವ ಸರ್ಕಾರವೂ ಅವರ ತಂಟೆಗೆ ಹೋಗಲಿಲ್ಲ. ಗುರಿ ಮುಟ್ಟಿಸಬೇಕಾದ ಹೊರೆಯೆಲ್ಲ ಹೆಂಗಸಿನ ಹೊಟ್ಟೆಯ ಮೇಲೆ ಬಂತು. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಗೋಡೆಯ ಮೇಲೆ ಬರೆದದ್ದು ದಂಪತಿಗಳಿಬ್ಬರಿಗೂ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವಳು ಒಬ್ಬಳೇ. ಮೇಲಿನಿಂದ ಗುರಿ ನಿಗದಿ ಮಾಡುವ ಪದ್ಧತಿಯನ್ನು ಸರ್ಕಾರ 1996ರಲ್ಲಿ ಕೈಬಿಟ್ಟಿತು. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರಗಳಲ್ಲಿ ಹದಿಮೂರು ಮಂದಿ ಹೆಂಗಸರು ಸತ್ತ ನಂತರ, ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಹೇಳಬೇಕಾಯಿತು. ಶಸ್ತ್ರಚಿಕಿತ್ಸೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸಾಕೆಂದು ನಿಶ್ಚಯಿಸಿದವಳಿಗೆ ಅದು ನೆಮ್ಮದಿಯ ಮಾರ್ಗ. ಅದೊಂದೇ ಮಾರ್ಗವೆಂದು ತಿಳಿದು ಆರಿಸಿಕೊಂಡರೆ ಅದನ್ನು ಆಯ್ಕೆಯೆಂದು ಕರೆಯುವುದು ಕಷ್ಟ.

ಹಾಗಾದರೆ ಬೇರೆ ಮಾರ್ಗಗಳು ಇಲ್ಲವೇ? ಇವೆ. ಯಲಹಂಕದ ಆಸ್ಪತ್ರೆಯಲ್ಲೂ ಯಶವಂತಪುರದ ಆರೋಗ್ಯ ಕೇಂದ್ರದಲ್ಲೂ ದುಡ್ಡಿಲ್ಲದೆ ದೊರೆಯಬೇಕಾದ ವಸ್ತುಗಳೇ ಅವು. ಅವುಗಳ ಗುಣವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಕಾಪರ್-ಟಿಯು ಗರ್ಭಕೋಶದೊಳಗೆ ಇರಿಸುವ ಪುಟ್ಟ ಸಾಧನ. ಅದಕ್ಕೆ ಸುತ್ತಿದ ತಾಮ್ರದಿಂದ ಸೂಕ್ಷ್ಮವಾದ ಕಣಗಳು ಬಿಡುಗಡೆಯಾಗಿ ವೀರ್ಯಾಣುಗಳ ಚಲನೆಯನ್ನು ಕೆಡಿಸುತ್ತವೆ. ಸರ್ಕಾರ ಒದಗಿಸುವ ಎರಡು ಬಗೆಗಳಲ್ಲಿ ಒಂದು ಹತ್ತು ವರ್ಷ, ಇನ್ನೊಂದು ಐದು ವರ್ಷ ಕೆಲಸ ಮಾಡುತ್ತದೆ. ಹತ್ತು ವರ್ಷವೂ ಇರಿಸಿಕೊಳ್ಳಬೇಕೆಂದೇನಿಲ್ಲ. ಬೇಡವೆನಿಸಿದ ದಿನ ತೆಗೆಸಬಹುದು, ತೆಗೆಸಿದ ಕೂಡಲೇ ಗರ್ಭಧಾರಣೆಯ ಶಕ್ತಿ ಮರಳುತ್ತದೆ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವವೂ ನೋವೂ ಸ್ವಲ್ಪ ಹೆಚ್ಚಾಗಬಹುದು.

‘ಅಂತರ’ ಎಂಬ ಹೆಸರಿನಲ್ಲಿ 2017ರಿಂದ ಸರ್ಕಾರಿ ಕಾರ್ಯಕ್ರಮಕ್ಕೆ ಬಂದದ್ದು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಚುಚ್ಚುಮದ್ದು. ಇದರ ದೊಡ್ಡ ಗುಣ ಗೋಪ್ಯ. ಮನೆಯಲ್ಲಿ ಬಚ್ಚಿಡಬೇಕಾದ ಪೊಟ್ಟಣವಿಲ್ಲ, ದಿನವೂ ನೆನೆಯಬೇಕಾದ ಮಾತ್ರೆಯಿಲ್ಲ. ಆದರೆ ಇದನ್ನು ತೆಗೆದುಕೊಂಡವರಲ್ಲಿ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇಹೋಗುತ್ತದೆ. ಅದರಿಂದ ಅಪಾಯವಿಲ್ಲ. ನಿಲ್ಲಿಸಿದ ಮೇಲೆ ಮತ್ತೆ ಬಸಿರಾಗಲು ಏಳರಿಂದ ಹತ್ತು ತಿಂಗಳು ಬೇಕಾಗಬಹುದು. ಅದೇ ಸುಮಾರಿಗೆ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿದ ‘ಛಾಯಾ’ ಮಾತ್ರೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ಕಂಡುಹಿಡಿದದ್ದು. ಹಾರ್ಮೋನು ಇಲ್ಲದ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಅನಂತರ ವಾರಕ್ಕೆ ಒಂದು. ದಿನವೂ ನುಂಗುವ ‘ಮಾಲಾ’ ಮಾತ್ರೆಯಂತೂ ಹಳೆಯ ಪರಿಚಯ. ಚರ್ಮದಡಿಯಲ್ಲಿ ಇರಿಸುವ ಕಡ್ಡಿಯಂಥ ಸಾಧನವನ್ನೂ 2023ರಿಂದೀಚೆಗೆ ಕೆಲವು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದರು. ಕರ್ನಾಟಕ ಅವುಗಳಲ್ಲಿ ಒಂದು.

ಈಗ ಪೀಣ್ಯದ ಕಾರ್ಖಾನೆಯ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ಆಕೆ ಹೇಗೋ ಒಂದು ದಿನದ ರಜೆ ಹಾಕಿ ‘ಅಂತರ’ ಚುಚ್ಚುಮದ್ದನ್ನು ತೆಗೆದುಕೊಂಡಳೆನ್ನಿ. ಮುಂದಿನ ತಿಂಗಳು ಮುಟ್ಟಾಗಲಿಲ್ಲ. ಕೆಟ್ಟ ರಕ್ತ ಒಳಗೇ ಉಳಿಯಿತೆಂದು ಪಕ್ಕದ ಮನೆಯ ಅಕ್ಕ ಹೇಳಿದಳು. ಬಸಿರೇ ನಿಂತಿದೆಯೋ ಏನೋ ಎಂದು ಈಕೆಗೆ ಭಯ. ಕೇಳಿ ಬರೋಣವೆಂದರೆ ಮತ್ತೊಂದು ದಿನದ ಕೂಲಿ ಹೋಗುತ್ತದೆ. ಎರಡನೆಯ ಚುಚ್ಚುಮದ್ದಿನ ದಿನ ಆಕೆ ಹೋಗುವುದಿಲ್ಲ. ಆರೋಗ್ಯ ಕೇಂದ್ರದ ದಫ್ತರಿನಲ್ಲಿ ಆಕೆಯ ಹೆಸರಿನ ಮುಂದೆ ‘ಬರಲಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಮೊದಲ ದಿನ ಐದು ನಿಮಿಷ ಕೂಡಿಸಿಕೊಂಡು, ‘ತಾಯಿ, ಹೀಗಾಗಬಹುದು, ಹೆದರಬೇಡ, ಹೀಗಾದರೆ ಮಾತ್ರ ಬಾ’ ಎಂದು ಹೇಳಿದ್ದರೆ ಆಕೆ ಬರುತ್ತಿದ್ದಳೇನೋ. ಐದು ನಿಮಿಷ ಎಲ್ಲಿಂದ ತರಲಿ, ಹೊರಗೆ ಎಂಬತ್ತು ಜನರ ಸಾಲಿದೆ ಎಂದು ದಾದಿ ಕೇಳಿದರೆ, ಅದೂ ನ್ಯಾಯವೇ. ಗರ್ಭನಿರೋಧಕ ಸಾಧನಗಳ ಲೆಕ್ಕದಲ್ಲಿ ನಾವು ಈ ಐದು ನಿಮಿಷವನ್ನೂ ಒಂದು ಸಾಮಗ್ರಿಯೆಂದು ಸೇರಿಸಿಕೊಂಡಿಲ್ಲ.

ತಿಳಿವಳಿಕೆಯನ್ನು ಮನೆಗೇ ಮುಟ್ಟಿಸುವ ಕೆಲಸವನ್ನು ಕನ್ನಡದಲ್ಲಿ ಒಬ್ಬರು ಬಹಳ ಸೊಗಸಾಗಿ ಮಾಡಿದರು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾಕ್ಟರ್ ಅನುಪಮಾ ನಿರಂಜನರ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಇವುಗಳನ್ನು ಓದಿ ಬೆಳೆದ ಹೆಂಗಸರು ನಾಡಿನಲ್ಲಿ ಅಸಂಖ್ಯಾತರು. ಬಾಯಿಬಿಟ್ಟು ಕೇಳಲು ನಾಚುವ ಪ್ರಶ್ನೆಗಳಿಗೆ ಅವರು ತಾಯಿಯ ದನಿಯಲ್ಲಿ, ವೈದ್ಯೆಯ ಖಚಿತತೆಯಿಂದ ಉತ್ತರ ಕೊಟ್ಟರು. ಆ ಪುಸ್ತಕಗಳನ್ನು ಕೊಂಡು ಓದಬಲ್ಲ ಮನೆಗಳಿಗೆ ಬೆಳಕು ಬಂತು. ಹೊಲಿಗೆ ಯಂತ್ರದ ಮುಂದಿನ ಹೆಣ್ಣುಮಗಳಿಗೂ ತಗಡಿನ ಶೆಡ್ಡಿನ ಒಡಿಯಾ ಮಾತಿನ ಬಸುರಿಗೂ ಆ ದನಿ ಇನ್ನೂ ತಲುಪಬೇಕಾಗಿದೆ.

ಕಾನೂನು ಹೆಣ್ಣಿನ ಹೊತ್ತಿಗೆ ಎಂಥ ಬೆಲೆ ಕಟ್ಟಿದೆ ಎಂಬುದನ್ನು ನೋಡಿದರೆ ಸ್ವಾರಸ್ಯವಾಗಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 1995ರಲ್ಲಿ ಒಂದು ತಿದ್ದುಪಡಿಯಾಗಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲಸಗಾರ್ತಿಗೆ ಎರಡು ವಾರಗಳ ಸಂಬಳಸಹಿತ ರಜೆ ದೊರೆಯಿತು. ಗರ್ಭಪಾತವಾದರೆ ಆರು ವಾರ. ಈ ಏರ್ಪಾಡುಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಇಳಿದು ಬಂದಿವೆ. ಒಳ್ಳೆಯದೇ. ಆದರೆ ವಂಕಿ ಹಾಕಿಸಿಕೊಳ್ಳಲು, ಚುಚ್ಚುಮದ್ದು ತೆಗೆದುಕೊಳ್ಳಲು, ಅಥವಾ ಸುಮ್ಮನೆ ಸಲಹೆ ಕೇಳಿ ಬರಲು ಅರ್ಧ ದಿನದ ರಜೆಯನ್ನು ಆ ಕಾಯಿದೆಯಲ್ಲಿ ಎಲ್ಲಿಯೂ ಹೇಳಿಲ್ಲ. ಬಸಿರು ಕೆಟ್ಟರೆ ರಜೆಯುಂಟು, ಬಸಿರಿನ ದಾರಿಯನ್ನು ಶಾಶ್ವತವಾಗಿ ಮುಚ್ಚಿಸಿದರೆ ರಜೆಯುಂಟು. ಬೇಡದ ಬಸಿರು ನಿಲ್ಲದಂತೆ ನೋಡಿಕೊಳ್ಳುವವಳು ತನ್ನ ಕೂಲಿಯನ್ನು ಕಳೆದುಕೊಂಡು ಬರಬೇಕು.

2023ರ ಜೂನ್ 11ರಂದು ಕರ್ನಾಟಕ ಸರ್ಕಾರ ‘ಶಕ್ತಿ’ ಯೋಜನೆಯನ್ನು ಆರಂಭಿಸಿ, ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣವನ್ನು ಮನ್ನಾ ಮಾಡಿತು. 1930ರ ಆಜ್ಞೆಯ ತಾರೀಖೂ ಜೂನ್ 11. ಇದು ಆಕಸ್ಮಿಕ, ಆದರೂ ತೊಂಬತ್ತಮೂರು ವರ್ಷಗಳ ಅಂತರದ ಈ ಎರಡು ಆಜ್ಞೆಗಳನ್ನು ಜೋಡಿಸಿ ನೋಡಬೇಕೆನಿಸುತ್ತದೆ. ಮೊದಲನೆಯದು ಬಾಗಿಲನ್ನು ತೆರೆಯಿತು, ಎರಡನೆಯದು ದಾರಿಯ ಖರ್ಚನ್ನು ಕಳೆಯಿತು. ಯಲಹಂಕದ ಹೆಂಗಸು ಈಗ ಗಂಡನ ಮುಂದೆ ಕೈ ಚಾಚದೆ ವಾಣಿವಿಲಾಸದವರೆಗೆ ಹೋಗಿ ಬರಬಹುದು. ಉಳಿದಿರುವುದು ಹೊತ್ತಿನ ಮಾತು. 2022ರ ಕೊನೆಯಿಂದ ವಾರ್ಡು ವಾರ್ಡುಗಳಲ್ಲಿ ತೆರೆದ ‘ನಮ್ಮ ಕ್ಲಿನಿಕ್’ಗಳು ದೂರವನ್ನು ಮತ್ತಷ್ಟು ಕಡಿಮೆ ಮಾಡಿದವು. ಆದರೆ ಅವು ಆರಂಭವಾದದ್ದು ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯ ವೇಳಾಪಟ್ಟಿಯೊಂದಿಗೆ. ಪೀಣ್ಯದ ಕಾರ್ಖಾನೆಯ ಸೈರನ್ನು ಕೂಗುವ ಹೊತ್ತಿಗೆ ಆ ಬಾಗಿಲು ಹಾಕಿರುತ್ತದೆ. ವಾರದಲ್ಲಿ ಎರಡು ಸಂಜೆ ಎಂಟು ಗಂಟೆಯವರೆಗೆ, ಒಬ್ಬ ಹೆಣ್ಣು ವೈದ್ಯೆ ಅಥವಾ ತರಬೇತಾದ ದಾದಿಯೊಬ್ಬರು, ಪರದೆಯಿರುವ ಒಂದು ಕೋಣೆ: ಯಶವಂತಪುರದಂಥ ಕಡೆ ಇಷ್ಟನ್ನು ಏರ್ಪಡಿಸಲು ಹೊಸ ಕಟ್ಟಡವಾಗಲಿ ಹೊಸ ಔಷಧಿಯಾಗಲಿ ಬೇಕಾಗದು.

ಇನ್ನೊಂದು ತೊಡಕನ್ನು ಹೇಳದೆ ಬಿಡಲಾಗದು. ನಮ್ಮಲ್ಲ

ಿ ಚೊಚ್ಚಲ ಹೆರಿಗೆ ತವರಿನಲ್ಲಿ. ಬಸುರಿಯ ಪರೀಕ್ಷೆಗಳೆಲ್ಲ ಬೆಂಗಳೂರಿನಲ್ಲಿ ನಡೆದಿರುತ್ತವೆ. ಏಳನೆಯ ತಿಂಗಳಲ್ಲಿ ಆಕೆ ಸಿಂಧನೂರಿಗೋ ಶಿರಾಕ್ಕೋ ಹೋಗುತ್ತಾಳೆ. ತಾಯಿ ಕಾರ್ಡು ಜೊತೆಗೆ ಹೋದರೆ ಪುಣ್ಯ. ಹೆರಿಗೆಯಾದ ನಲವತ್ತೆಂಟು ಗಂಟೆಗಳೊಳಗೆ ವಂಕಿ ಹಾಕಿಸಿಕೊಳ್ಳಬಹುದೆಂಬುದು ವೈದ್ಯಶಾಸ್ತ್ರದ ಒಳ್ಳೆಯ ಸೌಕರ್ಯ. ಆದರೆ ಆ ಮಾತನ್ನು ಆಡಬೇಕಾದದ್ದು ಹೆರಿಗೆ ನೋವಿಗೆ ಮೊದಲು, ತಿಂಗಳು ತಿಂಗಳ ಪರೀಕ್ಷೆಗೆ ಬಂದಾಗ. ನೋವಿನ ನಡುವೆ ಕಾಗದ ಮುಂದೆ ಹಿಡಿದು ಪಡೆದ ಹೆಬ್ಬೆಟ್ಟನ್ನು ಸಮ್ಮತಿಯೆನ್ನಲಾಗದು. ಐದು ತಿಂಗಳ ಬಾಣಂತನ ಮುಗಿಸಿ ಆಕೆ ಹೆಬ್ಬಾಳದ ಬಾಡಿಗೆ ಮನೆಗೆ ಮರಳಿದಾಗ ಇಲ್ಲಿನ ಆಶಾ ಕಾರ್ಯಕರ್ತೆಗೆ ಆಕೆ ಬಂದದ್ದೇ ತಿಳಿದಿರುವುದಿಲ್ಲ. ಮುಟ್ಟು ಇನ್ನೂ ಆಗಿಲ್ಲವಲ್ಲ, ಎದೆಹಾಲು ಕುಡಿಸುತ್ತಿದ್ದೇನಲ್ಲ ಎಂಬ ಧೈರ್ಯದಲ್ಲಿ ಎರಡನೆಯ ಬಸಿರು ನಿಲ್ಲುವುದು ಹೆಚ್ಚಾಗಿ ಈ ಸಂದಿನಲ್ಲಿಯೇ. ಹಾಲೂಡಿಸುವುದರಿಂದ ದೊರೆಯುವ ರಕ್ಷಣೆಗೆ ಕಟ್ಟುಪಾಡುಗಳಿವೆ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲಲ್ಲದೆ ಬೇರೇನನ್ನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಭರವಸೆಯಿಲ್ಲ.

ಹಾಗೆ ನಿಂತ ಬೇಡದ ಬಸಿರಿನ ಗತಿಯೇನು? 1971ರ ವೈದ್ಯಕೀಯ ಗರ್ಭಪಾತ ಕಾಯಿದೆ 1972ರ ಏಪ್ರಿಲ್ ಒಂದರಿಂದ ಜಾರಿಯಲ್ಲಿದೆ. ಅರ್ಧ ಶತಮಾನವೇ ಕಳೆದರೂ ಗರ್ಭಪಾತವೆಂದರೆ ಅಪರಾಧವೆಂದೇ ತಿಳಿದ ಹೆಂಗಸರು ನಮ್ಮ ನಗರದಲ್ಲೇ ಇದ್ದಾರೆ. 2021ರ ತಿದ್ದುಪಡಿಯ ಪ್ರಕಾರ ಕಾಯಿದೆ ಹೇಳುವ ಕಾರಣಗಳಿದ್ದಲ್ಲಿ ಇಪ್ಪತ್ತು ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗಗಳ ಸ್ತ್ರೀಯರಿಗೆ ಇಪ್ಪತ್ತನಾಲ್ಕು ವಾರಗಳವರೆಗೆ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶವಿದೆ. ಬಳಸಿದ ಗರ್ಭನಿರೋಧಕ ವಿಫಲವಾದದ್ದೂ ಕಾನೂನು ಒಪ್ಪುವ ಕಾರಣಗಳಲ್ಲಿ ಒಂದು. ಮೊದಲು ಅದು ವಿವಾಹಿತರಿಗೆ ಮಾತ್ರ ಇತ್ತು, 2021ರಿಂದ ಎಲ್ಲ ಸ್ತ್ರೀಯರಿಗೂ ಅನ್ವಯಿಸುತ್ತದೆ. ಇಪ್ಪತ್ತನಾಲ್ಕು ವಾರಗಳ ಅವಕಾಶದಿಂದ ಅವಿವಾಹಿತರನ್ನು ಹೊರಗಿಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಹದಿನೆಂಟು ತುಂಬಿದ ಹೆಣ್ಣಿಗೆ ತನ್ನ ಒಪ್ಪಿಗೆಯೊಂದೇ ಸಾಕು. ಗಂಡನ ರುಜು ಬೇಕೆಂದು ಯಾರಾದರೂ ಕೇಳಿದರೆ ಅದು ಕಾನೂನು ಹೇಳಿದ ಮಾತಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೂ ಸರ್ಕಾರದ ನಿಯಮದಲ್ಲಿ ಗಂಡನ ಸಮ್ಮತಿಯನ್ನು ಕೇಳಿಲ್ಲ.

ಈ ಕಾನೂನು ಗೊತ್ತಿಲ್ಲದವಳು, ಗೊತ್ತಿದ್ದರೂ ನಾಲ್ಕು ಜನರೆದುರು ಕೇಳಲಾರದವಳು, ಬೀದಿ ತಿರುವಿನ ಔಷಧಿ ಅಂಗಡಿಗೆ ಹೋಗುತ್ತಾಳೆ. ಅಂಗಡಿ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಅಲ್ಲಿ ಚೀಟಿಯಿಲ್ಲ, ಸಾಲಿಲ್ಲ, ಹೆಸರು ಕೇಳುವವರಿಲ್ಲ. ಅಲ್ಲಿ ಎರಡು ಬೇರೆ ಬೇರೆ ಮಾತ್ರೆಗಳು ಜನರ ಬಾಯಲ್ಲಿ ಒಂದೇ ಆಗಿ ಬೆರೆತುಹೋಗಿವೆ. ಸಂಪರ್ಕವಾದ ಮೂರು ದಿನಗಳೊಳಗೆ ನುಂಗುವ ತುರ್ತು ಮಾತ್ರೆ ಗರ್ಭ ನಿಲ್ಲದಂತೆ ತಡೆಯುವುದು. ಆಗಲೇ ನಿಂತ ಗರ್ಭಕ್ಕೆ ಅದರಿಂದ ಏನೂ ಆಗುವುದಿಲ್ಲ. ಇನ್ನೊಂದು, ಒಂಬತ್ತು ವಾರಗಳೊಳಗಿನ ಗರ್ಭವನ್ನು ಇಳಿಸುವ ಮಾತ್ರೆಗಳ ಜೋಡಿ. ಅದಕ್ಕೆ ವೈದ್ಯರ ಚೀಟಿ ಬೇಕು. ಎಷ್ಟು ವಾರವೆಂದು ತಿಳಿದು ಕ್ರಮವಾಗಿ ತೆಗೆದುಕೊಂಡರೆ ಅದೂ ಸುರಕ್ಷಿತವಾದ ಮಾರ್ಗವೇ. ತಿಳಿಯದೆ ತೆಗೆದುಕೊಂಡರೆ ಮೂರು ಕಡೆ ಅಪಾಯ: ವಾರಗಳ ಲೆಕ್ಕ ತಪ್ಪಿರಬಹುದು, ಗರ್ಭ ಪೂರ್ತಿ ಇಳಿಯದೆ ಸ್ರಾವ ಮುಂದುವರಿಯಬಹುದು, ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತ ಗರ್ಭವಾಗಿದ್ದರೆ ಈ ಮಾತ್ರೆ ಅದನ್ನು ಇಳಿಸಲಾರದು, ನಾಳ ಒಡೆದು ಜೀವಕ್ಕೇ ಕುತ್ತು ಬರಬಹುದು. ಗಂಟೆಗೆ ಎರಡು ಬಟ್ಟೆ ಪೂರ್ತಿ ತೋಯುವಷ್ಟು ರಕ್ತ ಎರಡು ಗಂಟೆ ಹೋದರೆ, ಹೊಟ್ಟೆಯ ಒಂದು ಪಕ್ಕ ತೀವ್ರವಾಗಿ ನೊಂದರೆ, ಕಣ್ಣು ಕತ್ತಲಿಟ್ಟರೆ, ಜ್ವರ ಬಂದರೆ, ನಾಚಿಕೆಯನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ತೆಗೆದುಕೊಂಡದ್ದನ್ನು ಮುಚ್ಚಿಡದೆ ಹೇಳಬೇಕು. ಚಿಕಿತ್ಸೆ ಮಾಡುವವರು ಗುಟ್ಟನ್ನು ಕಾಪಾಡಬೇಕಾದದ್ದು ಕಾನೂನಿನ ಕಟ್ಟಳೆ.

ಇಷ್ಟು ಹೊತ್ತೂ ಗಂಡಸರ ಮಾತು ಬರಲಿಲ್ಲ. ಗಂಡಸಿನ ಶಸ್ತ್ರಚಿಕಿತ್ಸೆ ಈಗ ಕತ್ತಿ ತಗುಲಿಸದೆ, ಹೊಲಿಗೆಯಿಲ್ಲದೆ, ಕಾಲು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಮುಗಿಯುವಂಥದು. ಹೊಟ್ಟೆಯನ್ನು ತೆರೆಯಬೇಕಾಗಿಲ್ಲ, ಅದೇ ದಿನ ಮನೆಗೆ ಹೋಗಬಹುದು, ಪುರುಷತ್ವಕ್ಕಾಗಲಿ ದುಡಿಯುವ ಶಕ್ತಿಗಾಗಲಿ ಕುಂದಿಲ್ಲ. ಹೆಂಗಸಿನ ಶಸ್ತ್ರಚಿಕಿತ್ಸೆಗಿಂತ ಇದು ಹಗುರವೆಂಬುದರಲ್ಲಿ ವೈದ್ಯರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೂ ನಮ್ಮ ಮನೆಗಳಲ್ಲಿ ಈ ಮಾತು ಬಂದಾಗ ‘ದುಡಿಯುವ ಗಂಡಸು, ಅವನಿಗೇಕೆ’ ಎಂದು ಮೊದಲು ಹೇಳುವವಳು ಹೆಂಡತಿಯೇ ಆಗಿರುತ್ತಾಳೆ. ತಾನೂ ದುಡಿಯುವವಳೆಂಬುದು ಆಕೆಯ ನೆನಪಿಗೆ ಬರುವುದಿಲ್ಲ. ಒಂದು ಸಂಗತಿಯನ್ನು ಮಾತ್ರ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತಿಳಿದಿರಬೇಕು. ಅದರ ಫಲ ಅಂದೇ ದೊರೆಯುವುದಿಲ್ಲ. ಮೂರು ತಿಂಗಳ ಬಳಿಕ ವೀರ್ಯವನ್ನು ಪರೀಕ್ಷಿಸಿ ಖಚಿತಪಡಿಸಿಕೊಳ್ಳುವವರೆಗೆ ನಿರೋಧ್ ಬಳಸಬೇಕು. ಅದನ್ನು ಇಟ್ಟಿರುವ ಪೆಟ್ಟಿಗೆ ಬಹಳಷ್ಟು ಆರೋಗ್ಯ ಕೇಂದ್ರಗಳಲ್ಲಿ ಹೊರಗಿನ ಗೋಡೆಗೇ ತೂಗುಹಾಕಿರುತ್ತದೆ. ಚೀಟಿ ಬರೆಸಬೇಕಾಗಿಲ್ಲ, ಸಾಲು ನಿಲ್ಲಬೇಕಾಗಿಲ್ಲ. ಕಾರ್ಖಾನೆ ಬಿಟ್ಟ ಮೇಲೆ ಮನೆಗೆ ಹೋಗುವ ದಾರಿಯಲ್ಲಿ, ಯಾರನ್ನೂ ಕೇಳದೆ, ಕೈಹಾಕಿ ತೆಗೆದುಕೊಂಡು ಹೋಗಬಹುದು.